ಹಲ್ಲು, ಒಸಡು: ನೋವಿಗೆ ಮುಂಚಿನ ಆರೈಕೆ

ಹಲ್ಲಿನ ಹೊರಪದರದ ಹೆಸರು ಎನಾಮಲ್. ಮನುಷ್ಯನ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಇದರ ಶೇ 96ರಷ್ಟು ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡಿ ಆದ ಖನಿಜ. ಆದರೆ ಮೂಳೆಗಿರುವ ಒಂದು ಅನುಕೂಲ ಎನಾಮಲ್‌ಗಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ತೂತು ಬಿದ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಬಾಯಲ್ಲಿ ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ. ಎನಾಮಲ್‌ನಲ್ಲಿ ನರವೂ ಇಲ್ಲ, ಹಾಗಾಗಿ ಅದು ಕರಗುತ್ತಿರುವಾಗ ಏನೂ ಗೊತ್ತಾಗುವುದಿಲ್ಲ. ಅದರ ಕೆಳಗಿರುವ ಡೆಂಟಿನ್ ಸ್ವಲ್ಪ ಮೆದು. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ನಳಿಗೆಗಳು. ತಣ್ಣೀರು ತಾಗಿದಾಗ ಹಲ್ಲು ಜುಮ್ಮೆನ್ನುವುದು ಈ ನಳಿಗೆಗಳ ಬಾಯಿ ತೆರೆದುಕೊಂಡಾಗ. ಎಲ್ಲಕ್ಕಿಂತ ಒಳಗೆ, ನರ ಮತ್ತು ರಕ್ತನಾಳಗಳಿರುವ ತಿರುಳು. ಬೇರು ದವಡೆಯ ಮೂಳೆಯಲ್ಲಿ ಕೂತಿರುತ್ತದೆ, ಮೂಳೆಗೂ ಬೇರಿಗೂ ನಡುವೆ ಸಣ್ಣ ನಾರುಗಳ ಹಿಡಿತ, ಮೇಲೆ ಒಸಡಿನ ಹೊದಿಕೆ. ಹಲ್ಲು ನೋಯತೊಡಗಿದೆ ಎಂದರೆ ತೊಂದರೆ ಸಾಮಾನ್ಯವಾಗಿ ಹೊರಪದರ ದಾಟಿ ಬಹಳ ಒಳಗೆ ಬಂದಿದೆ ಎಂದೇ ಅರ್ಥ. ಕಡಿಮೆ ಖರ್ಚಿನಲ್ಲಿ, ಹೆಚ್ಚು ಹಿಂಸೆಯಿಲ್ಲದೆ ಹಲ್ಲು ಉಳಿಸಿಕೊಳ್ಳುವ ಕಾಲ ಅದಕ್ಕೂ ಮುಂಚೆ ಇರುತ್ತದೆ.

ಬಾಯಿ ಎಷ್ಟೇ ಶುಚಿಯಾಗಿದ್ದರೂ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳುವಾದ, ಅಂಟಾದ ಪೊರೆಯೊಂದು ಸದಾ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಬೆಳಗ್ಗೆ ಎದ್ದಾಗ ನಾಲಿಗೆಗೆ ತಾಗುವ ಲೋಳೆ ಲೋಳೆಯಾದ ಪದರ ಅದೇ. ಹಾಲೆಂಡಿನ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಪದಾರ್ಥವನ್ನು ತಾನೇ ಮಾಡಿದ ಸೂಕ್ಷ್ಮದರ್ಶಕದಡಿ ಇಟ್ಟು, ಅದರೊಳಗೆ ಓಡಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಆದರೂ ಹಲ್ಲು ಹುಳುಕಾಗುವುದಕ್ಕೆ ಇವುಗಳ ಸಂಬಂಧ ಸ್ಪಷ್ಟವಾಗಲು ಮತ್ತೆ ಇನ್ನೂರು ವರ್ಷ ಬೇಕಾಯಿತು. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾರಣವನ್ನು ವಿವರಿಸಿದ: ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳನ್ನು ಹುಳಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ. ಹಲ್ಲಿನೊಳಗೆ ಹುಳು ಸೇರಿಕೊಂಡು ಕೊರೆಯುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಪ್ರಪಂಚದ ಅನೇಕ ಕಡೆ ಇತ್ತು. ಗಿಡಮೂಲಿಕೆಯ ಬೀಜ ಸುಟ್ಟು ಹೊಗೆ ಕುಡಿಸಿ ಹುಳು ಬೀಳಿಸುವ ಪದ್ಧತಿ ಇಂದಿಗೂ ಪೂರ್ತಿ ಹೋಗಿಲ್ಲ. ಹುಳುಕಿನಲ್ಲಿ ಹುಳು ಇರುವುದಿಲ್ಲ. ಇರುವುದು ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್‌ನಂಥ ಬ್ಯಾಕ್ಟೀರಿಯಾ ಮತ್ತು ಅದು ಉಗುಳುವ ಆಮ್ಲ.

ಎನಾಮಲ್ ಕರಗಲು ಎಷ್ಟು ಹುಳಿ ಬೇಕು ಎಂಬುದಕ್ಕೂ ಲೆಕ್ಕವಿದೆ. ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಹೊರಹೋಗತೊಡಗುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಈ ಕುಸಿತ ಆಗುತ್ತದೆ. ಮತ್ತೆ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಈ ಏರಿಳಿತವನ್ನು ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಅಳೆದು ತೋರಿಸಿದ. ಬಾಯನ್ನು ಸಹಜ ಸ್ಥಿತಿಗೆ ತರುವುದು ಎಂಜಲು. ಅದು ಆಮ್ಲವನ್ನು ಶಮನ ಮಾಡುತ್ತದೆ, ಜೊತೆಗೆ ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಎನಾಮಲ್‌ಗೆ ವಾಪಸು ತುಂಬುತ್ತದೆ. ಹಲ್ಲಿನ ಮೇಲ್ಮೈಯಲ್ಲಿ ಖನಿಜ ಹೋಗುವುದು, ಬರುವುದು ದಿನವಿಡೀ ನಡೆಯುತ್ತಿರುತ್ತದೆ. ಹೋಗುವುದು ಹೆಚ್ಚಾದಾಗ ಹಲ್ಲು ಹುಳುಕಾಗುತ್ತದೆ.

ಆದ್ದರಿಂದ ದಿನಕ್ಕೆ ಎಷ್ಟು ಸಕ್ಕರೆ ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು, ಅದು ಎಷ್ಟು ಹೊತ್ತು ಬಾಯಲ್ಲಿ ಉಳಿಯಿತು ಎನ್ನುವುದು ಹಲ್ಲಿಗೆ ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದರೆ ಆಮ್ಲದ ದಾಳಿ ಒಂದೇ ಸಲ. ಬೆಳಗ್ಗೆ ಕಾಫಿ, ಹತ್ತು ಗಂಟೆಗೆ ಇನ್ನೊಂದು, ಜೊತೆಗೆ ಎರಡು ಬಿಸ್ಕತ್ತು, ಸಂಜೆ ಚಹಾ, ನಡುನಡುವೆ ಜೇಬಿನಿಂದ ಒಂದೊಂದು ಚಾಕೊಲೇಟ್, ಹೀಗಾದರೆ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಬೆಲ್ಲ ಆರೋಗ್ಯಕರ ಎಂಬ ಭರವಸೆಯಲ್ಲಿ ಮಕ್ಕಳ ಕೈಗೆ ಕಡಲೆ ಚಿಕ್ಕಿ ಕೊಡುವವರುಂಟು. ಬ್ಯಾಕ್ಟೀರಿಯಾಗೆ ಬೆಲ್ಲವೂ ಒಂದೇ, ಜೇನೂ ಒಂದೇ, ಸಕ್ಕರೆಯೂ ಒಂದೇ. ಚಿಕ್ಕಿಯಂತೆ ಹಲ್ಲಿನ ಸಂದಿಗೆ ಅಂಟಿ ಕೂರುವ ಸಿಹಿ ಇನ್ನೂ ಹೆಚ್ಚು ಹೊತ್ತು ಕೆಲಸ ಕೊಡುತ್ತದೆ. ಇದಕ್ಕೆ ಬಲವಾದ ಪುರಾವೆ ಬಂದ ಬಗೆ ಮಾತ್ರ ನೋವಿನದು. ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿದ್ದ ಬುದ್ಧಿಮಾಂದ್ಯರಿಗೆ, ಅವರ ಒಪ್ಪಿಗೆಯ ಮಾತೇ ಇಲ್ಲದೆ, 1940ರ ದಶಕದಲ್ಲಿ ಅಂಟಂಟಾದ ಟಾಫಿಗಳನ್ನು ಊಟದ ನಡುವಿನ ಹೊತ್ತಿನಲ್ಲಿ ಕೊಟ್ಟು ಹಲ್ಲು ಹಾಳಾಗುವುದನ್ನು ದಾಖಲಿಸಲಾಯಿತು. ಇಂದು ಅಂಥ ಪ್ರಯೋಗವನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಅದರ ಬಳಿಕ ಸ್ವೀಡನ್ನಿನಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ ಮಿಠಾಯಿ ಕೊಡುವ ರೂಢಿ ಬೆಳೆಯಿತು.

ಹುಳುಕಿನ ಮೊದಲ ಗುರುತು ಕಪ್ಪು ಕಲೆಯಲ್ಲ, ಸುಣ್ಣದಂತೆ ಮಂಕಾದ ಬಿಳಿ ಮಚ್ಚೆ. ಸಾಮಾನ್ಯವಾಗಿ ಒಸಡಿನ ಅಂಚಿನಲ್ಲಿ ಕಾಣುತ್ತದೆ. ಮೇಲ್ಮೈ ಇನ್ನೂ ಒಡೆದಿರುವುದಿಲ್ಲವಾದ್ದರಿಂದ ಈ ಹಂತದಲ್ಲಿ ಹಲ್ಲು ಕೊರೆಯದೆ ಸರಿಮಾಡಬಹುದು. ಸಿಹಿಯ ಸರದಿ ಕಡಿಮೆ ಮಾಡಿ, ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿದರೆ ಖನಿಜ ಮತ್ತೆ ಸೇರಿಕೊಳ್ಳುತ್ತದೆ. ಫ್ಲೋರೈಡ್ ಸೇರಿದ ಎನಾಮಲ್ ಆಮ್ಲಕ್ಕೆ ಅಷ್ಟು ಸುಲಭವಾಗಿ ಕರಗುವುದಿಲ್ಲ.

ಕರ್ನಾಟಕದ ಮಟ್ಟಿಗೆ ಫ್ಲೋರೈಡಿನ ಮಾತನ್ನು ಅಷ್ಟಕ್ಕೇ ಬಿಡುವಂತಿಲ್ಲ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನಲ್ಲಿ ಕಂದು ಕಲೆಗಳನ್ನು ಕಂಡ. ಆ ಹಲ್ಲುಗಳು ಹುಳುಕಾಗುವುದು ಕಡಿಮೆ ಎಂಬುದನ್ನೂ ಗಮನಿಸಿದ. ಕಾರಣ ಕುಡಿಯುವ ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ಅಂಥದೇ ಕಲೆಗಳನ್ನು ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಎನಾಮಲ್ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇದಕ್ಕಿಂತ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನಲ್ಲಿ ಬಿಳಿ ಗೆರೆ, ಮುಂದೆ ಕಂದು ಕಲೆ, ಗುಳಿ ಬೀಳುತ್ತವೆ. ಉಜ್ಜಿದರೆ ಹೋಗುವ ಕಲೆಯಲ್ಲ ಅದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ಘಟಕದ ನೀರು, ಮಳೆನೀರು, ನದಿಮೂಲದ ನೀರು ಇದಕ್ಕೆ ಪರಿಹಾರ. ಇಂಥ ಊರುಗಳಲ್ಲಿ ಪುಟ್ಟ ಮಕ್ಕಳಿಗೆ ಯಾವ ಪೇಸ್ಟು, ಎಷ್ಟು ಎಂದು ದಂತವೈದ್ಯರನ್ನು ಕೇಳಿಯೇ ಬಳಸುವುದು ಒಳ್ಳೆಯದು.

ಬಿಳಿ ಮಚ್ಚೆಯನ್ನು ಕಡೆಗಣಿಸಿದರೆ ಮೇಲ್ಮೈ ಒಡೆದು ಗುಳಿಯಾಗುತ್ತದೆ. ಡೆಂಟಿನ್‌ವರೆಗೆ ಬಂದಾಗ ಸಿಹಿ ಅಥವಾ ತಣ್ಣನೆಯದು ತಾಗಿದರೆ ಚುಳ್ಳೆನ್ನುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ. ಆಗಲೇ ಹೋದರೆ ಹುಳುಕನ್ನು ಕೆರೆದು ತೆಗೆದು ಫಿಲ್ಲಿಂಗ್ ಮಾಡಿದರೆ, ಜನರ ಮಾತಿನಲ್ಲಿ ಸಿಮೆಂಟ್ ತುಂಬಿಸಿದರೆ, ಸಾಕು. ಒಂದೇ ಭೇಟಿಯ ಕೆಲಸ. ಬಿಸಿ ತಾಗಿದರೆ ನೋವು ಬಂದು ಬಹಳ ಹೊತ್ತು ನಿಂತರೆ, ರಾತ್ರಿ ಮಲಗಿದಾಗ ತಾನಾಗಿ ಸಿಡಿಯತೊಡಗಿದರೆ ತಿರುಳಿಗೆ ಸೋಂಕು ತಗುಲಿದೆ. ಕೆಲವು ದಿನಗಳ ಬಳಿಕ ಆ ನೋವು ಏಕಾಏಕಿ ನಿಲ್ಲುವುದುಂಟು. ಗುಣವಾಯಿತೆಂದು ಸಮಾಧಾನಪಡುವ ಹೊತ್ತಲ್ಲ ಅದು. ಒಳಗಿನ ನರ ಸತ್ತಿರುತ್ತದೆ, ಸೋಂಕು ಬೇರಿನ ತುದಿಗೆ ಇಳಿದು ಕೀವು ಕಟ್ಟಲು ಹೊರಟಿರುತ್ತದೆ. ಈ ಹಂತದಲ್ಲಿ ಹಲ್ಲು ಉಳಿಸುವ ದಾರಿ ರೂಟ್ ಕೆನಾಲ್. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಹಲ್ಲಿನ ನೆತ್ತಿಯಲ್ಲಿ ದಾರಿ ಮಾಡಿ, ಕೆಟ್ಟ ತಿರುಳನ್ನು ಸೂಜಿಯಂಥ ಸಲಕರಣೆಗಳಿಂದ ತೆಗೆದು, ಬೇರಿನ ನಾಳಗಳನ್ನು ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವಿನಿಂದ ಮುಚ್ಚುತ್ತಾರೆ. ಸಾಮಾನ್ಯವಾಗಿ ದವಡೆಹಲ್ಲಿಗೆ ಇದಾದ ಮೇಲೆ ಕ್ಯಾಪ್ ಬೇಕೇ ಬೇಕು. ಕ್ಯಾಪಿನ ದುಡ್ಡು ಉಳಿಸಲು ಹೋಗಿ, ಅಗಿಯುವಾಗ ಹಲ್ಲೇ ಸೀಳಿ, ಕೊನೆಗೆ ಕೀಳಿಸಿಕೊಂಡವರು ಕಡಿಮೆಯಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯೋಟಿಕ್ ಮಾತ್ರೆ ಹಲ್ಲುನೋವಿಗೆ ಚಿಕಿತ್ಸೆಯಲ್ಲ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಔಷಧ ಅಲ್ಲಿಗೆ ತಲುಪುವುದೂ ಇಲ್ಲ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ನಿಜಕ್ಕೂ ನೋವು ತಗ್ಗಿಸುತ್ತದೆ, ದಂತವೈದ್ಯರು ತಾತ್ಕಾಲಿಕ ಫಿಲ್ಲಿಂಗಿನಲ್ಲಿ ಅದನ್ನೇ ಬಳಸುತ್ತಾರೆ. ಆದರೆ ಅದರಿಂದ ಒಂದು ರಾತ್ರಿ ಕಳೆಯಬಹುದು, ಹುಳುಕು ವಾಸಿಯಾಗುವುದಿಲ್ಲ. ನೋವಿನ ಮಾತ್ರೆಯನ್ನು ಪುಡಿಮಾಡಿ ಹಲ್ಲಿನ ಬುಡಕ್ಕೆ ಒತ್ತಿಡುವವರ ಒಸಡು ಸುಟ್ಟು ಬೆಳ್ಳಗಾಗುತ್ತದೆ. ಮೇಲ್ದವಡೆಯ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಮಂದವಾಗುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ, ಒಂದಕ್ಕೊಂದು ಸಂಬಂಧವಿಲ್ಲ. ಭಯಪಡಬೇಕಾದದ್ದು ಬೇರೆ ಇದೆ. ಕೆಳದವಡೆಯ ಹಲ್ಲಿನ ಸೋಂಕಿನಿಂದ ಗದ್ದದ ಅಡಿ ಗಟ್ಟಿಯಾಗಿ ಊದಿ, ಜ್ವರ ಬಂದು, ನುಂಗಲು, ಬಾಯಿ ತೆರೆಯಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಊತ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು.

ಒಸಡಿನ ರೋಗ ಹುಳುಕಿಗಿಂತಲೂ ಗುಟ್ಟಾಗಿ ಬೆಳೆಯುತ್ತದೆ. ಮಧ್ಯವಯಸ್ಸು ದಾಟಿದವರ ಗಟ್ಟಿಮುಟ್ಟಾದ, ಹುಳುಕೇ ಇಲ್ಲದ ಹಲ್ಲುಗಳು ಒಂದೊಂದಾಗಿ ಅಲ್ಲಾಡಿ ಉದುರುವುದು ಇದರಿಂದ. ವಯಸ್ಸಾದ ಮೇಲೆ ಹಲ್ಲು ಹೋಗುವುದು ಸಹಜ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ, ಅದು ಸರಿಯಲ್ಲ. ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಒಂದು ಸರಳ ಪ್ರಯೋಗ ಮೂಲ ಕಾರಣವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಒಸಡು ಚೆನ್ನಾಗಿದ್ದ 12 ಜನ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅಂದರೆ ಈ ಮೊದಲ ಹಂತದ ಉರಿಯೂತ ಪೂರ್ತಿಯಾಗಿ ವಾಸಿಯಾಗುವಂಥದು, ಅದೂ ಬರೀ ಬ್ರಷ್ಷಿನಿಂದ. ಉಜ್ಜುವಾಗ ರಕ್ತ ಬಂದರೆ ಆ ಜಾಗವನ್ನು ಮುಟ್ಟದೆ ಬಿಡುವುದು ಎಲ್ಲರೂ ಮಾಡುವ ತಪ್ಪು. ರಕ್ತ ಬರುವ ಜಾಗವನ್ನೇ ಮೆತ್ತನೆಯ ಬ್ರಷ್ಷಿನಿಂದ ಇನ್ನಷ್ಟು ನಿಗಾವಹಿಸಿ ಉಜ್ಜಬೇಕು. ಒಂದೆರಡು ವಾರಕ್ಕೂ ನಿಲ್ಲದಿದ್ದರೆ ತೋರಿಸಬೇಕು.

ಉಜ್ಜದೆ ಉಳಿದ ಪೊರೆಗೆ ಎಂಜಲಿನ ಖನಿಜ ಸೇರಿ, ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಕಿಟ್ಟದಂತೆ ಗಟ್ಟಿಯಾಗುತ್ತದೆ. ಕೆಳಗಿನ ಬಾಚಿಹಲ್ಲುಗಳ ಒಳಬದಿಯಲ್ಲಿ ಇದು ಮೊದಲು ಕಾಣಿಸುತ್ತದೆ, ಏಕೆಂದರೆ ನಾಲಿಗೆಯಡಿಯ ಎಂಜಲಿನ ನಾಳಗಳು ಅಲ್ಲೇ ತೆರೆಯುತ್ತವೆ. ಒಮ್ಮೆ ಗಟ್ಟಿಯಾದ ಮೇಲೆ ಯಾವ ಬ್ರಷ್ಷಿಗೂ ಬಗ್ಗದು. ಅದರ ಮೇಲೆ ಮತ್ತಷ್ಟು ಬ್ಯಾಕ್ಟೀರಿಯಾ ನೆಲೆಸಿ, ಒಸಡು ಹಲ್ಲಿನಿಂದ ಬಿಟ್ಟುಕೊಂಡು, ಒಳಗೆ ಸಂದು ಆಳವಾಗುತ್ತ, ನಾರು ಕಡಿದು ಮೂಳೆ ಸವೆಯತೊಡಗುತ್ತದೆ. ಹೋದ ಮೂಳೆ ತಾನಾಗಿ ವಾಪಸು ಬರುವುದಿಲ್ಲ; ಚಿಕಿತ್ಸೆಯಿಂದ ಸವೆತವನ್ನು ಅಲ್ಲಿಗೇ ತಡೆಯಬಹುದು. ಬಾಯಿಯ ದುರ್ವಾಸನೆ, ಒಸಡು ಕೆಳಗಿಳಿದು ಹಲ್ಲು ಉದ್ದವಾದಂತೆ ಕಾಣುವುದು, ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದಿ ಬೀಳುವುದು ಇದರ ಲಕ್ಷಣಗಳು.

ಈ ಕಿಟ್ಟವನ್ನು ತೆಗೆಯುವ ಕ್ರಮಕ್ಕೆ ಸ್ಕೇಲಿಂಗ್ ಎನ್ನುತ್ತಾರೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತನ್ನು ಕೇಳದ ದಂತವೈದ್ಯರಿಲ್ಲ. ವರ್ಷಗಟ್ಟಲೆ ಕಟ್ಟಿದ ಕಿಟ್ಟ ಹೋದಾಗ ಅದು ಮುಚ್ಚಿದ್ದ ಸಂದಿಗಳು ಕಾಣುತ್ತವೆ, ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತದೆ. ಹಲ್ಲನ್ನು ಸಡಿಲಿಸಿದ್ದು ಕಿಟ್ಟವೇ ಹೊರತು ಅದನ್ನು ತೆಗೆದ ಯಂತ್ರವಲ್ಲ. ಸಕ್ಕರೆ ಕಾಯಿಲೆ ಇದ್ದವರು ಒಸಡಿನ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು: ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಒಸಡಿನ ರೋಗ ಬೇಗ ಉಲ್ಬಣಿಸುತ್ತದೆ, ಒಸಡಿನ ಸೋಂಕು ಸಕ್ಕರೆಯನ್ನು ಹಿಡಿತಕ್ಕೆ ತರುವುದನ್ನು ಕಷ್ಟ ಮಾಡುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರುಪೇರಿನಿಂದ ಒಸಡು ಊದಿ ರಕ್ತ ಬರುವುದು ಸಾಮಾನ್ಯ. ಆ ಸಮಯದಲ್ಲಿ ಹಲ್ಲು ಕ್ಲೀನ್ ಮಾಡಿಸಿಕೊಳ್ಳುವುದರಿಂದ ಅಪಾಯವಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ರೋಗ ಹೆಚ್ಚಾಗಿದ್ದರೂ ರಕ್ತ ಬರುವುದು ಕಡಿಮೆ. ಹೀಗಾಗಿ ಎಚ್ಚರಿಕೆಯ ಗುರುತೇ ಅವರಿಗೆ ಸಿಗುವುದಿಲ್ಲ.

ಇಷ್ಟಕ್ಕೂ ಮುಖ್ಯ ತಡೆ ಹಲ್ಲುಜ್ಜುವುದು, ಅದರಲ್ಲೂ ರಾತ್ರಿ. ನಮ್ಮ ಮನೆಗಳಲ್ಲಿ ಬೆಳಗ್ಗೆ ಮುಖ ತೊಳೆದು ಹಲ್ಲುಜ್ಜದೆ ಕಾಫಿ ಮುಟ್ಟದವರು ರಾತ್ರಿ ಊಟ ಮಾಡಿ ಹಾಗೆಯೇ ಮಲಗಿಬಿಡುತ್ತಾರೆ. ನಿದ್ದೆಯಲ್ಲಿ ಎಂಜಲು ಊರುವುದು ತೀರಾ ಕಡಿಮೆಯಾಗುತ್ತದೆ. ಸಂದಿಯಲ್ಲಿ ಉಳಿದ ಅನ್ನ, ಹಾಲು, ಬಾಳೆಹಣ್ಣಿನ ಅಂಶಕ್ಕೆ ಇಡೀ ರಾತ್ರಿ ಅಡ್ಡಿಯಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯವೆಂದರೆ ರಾತ್ರಿಯದನ್ನೇ ಉಳಿಸಿಕೊಳ್ಳಬೇಕು. ಮೆತ್ತನೆಯ ಎಳೆಗಳ ಬ್ರಷ್ಷನ್ನು ಒಸಡು ಮತ್ತು ಹಲ್ಲು ಕೂಡುವ ಗೆರೆಗೆ ಓರೆಯಾಗಿ ಹಿಡಿದು, ಎಳೆಗಳ ತುದಿ ಆ ಗೆರೆಯೊಳಗೆ ಸ್ವಲ್ಪ ಇಳಿಯುವಂತೆ ಇದ್ದಲ್ಲೇ ಸಣ್ಣಗೆ ಅಲುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಎಳೆಯಬೇಕು. ಹೊರಬದಿ, ಒಳಬದಿ, ಅಗಿಯುವ ಬದಿ ಎಲ್ಲ ಮುಗಿಯಲು ಎರಡು ನಿಮಿಷ ಬೇಕು. ಬಲಗೈಯವರು ಬಲಬದಿಯ ಹಲ್ಲುಗಳನ್ನು, ಎಲ್ಲರೂ ಕೊನೆಯ ದವಡೆಹಲ್ಲಿನ ಹಿಂಬದಿಯನ್ನು ಬಿಡುವುದು ಹೆಚ್ಚು. ಬಲವಾಗಿ ಅಡ್ಡಡ್ಡ ತಿಕ್ಕಿದರೆ ಒಸಡು ಇಳಿದು ಹಲ್ಲಿನ ಕತ್ತಿನಲ್ಲಿ ಕಚ್ಚು ಬೀಳುತ್ತದೆ. ಉಜ್ಜಿದ ಮೇಲೆ ನೊರೆ ಉಗಿದು ಸುಮ್ಮನಿರುವುದು ಮೇಲು. ಲೋಟಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಪೇಸ್ಟಿನ ಫ್ಲೋರೈಡೂ ತೊಳೆದುಹೋಗುತ್ತದೆ. ಬ್ರಷ್ ಹೋಗದ ಸಂದಿಗೆ ಫ್ಲಾಸ್ ಎಂಬ ದಾರ, ಸಂದಿ ಅಗಲವಿದ್ದರೆ ಪುಟ್ಟ ಸಂದಿಬ್ರಷ್ ಇವೆ. ಗುಂಡುಪಿನ್ನು, ಬೆಂಕಿಕಡ್ಡಿ ಬೇಡ. ನಿಂಬೆ ಪಾನಕ, ಕೋಲಾ ಕುಡಿದ ಕೂಡಲೇ ಉಜ್ಜಬಾರದು. ಹುಳಿಗೆ ಮೆದುವಾದ ಎನಾಮಲ್ ತಿಕ್ಕಿದರೆ ಸವೆಯುತ್ತದೆ.

ಬೇವಿನಕಡ್ಡಿಯನ್ನು ಮೆತ್ತಗೆ ಅಗಿದು ನಿಧಾನವಾಗಿ ಬಳಸಿದರೆ ಕೊಳೆ ಹೋಗುತ್ತದೆ, ಆದರೆ ಒಳಬದಿಗೆ ಅದು ಎಟಕುವುದು ಕಷ್ಟ, ಫ್ಲೋರೈಡೂ ಇಲ್ಲ. ಇದ್ದಿಲು, ಬೂದಿ, ಇಟ್ಟಿಗೆಪುಡಿ, ಮರಳುಮರಳಾದ ಹಲ್ಲುಪುಡಿಗಳು ಎನಾಮಲ್ಲನ್ನೇ ತೇಯುತ್ತವೆ. ಹೊಗೆಸೊಪ್ಪು ಹುರಿದು ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ಚಟ ಉತ್ತರ ಕರ್ನಾಟಕದ ಗಡಿಭಾಗದಲ್ಲಿ ಈಗಲೂ ಇದೆ. ಪೇಸ್ಟ್ ಮತ್ತು ಹಲ್ಲುಪುಡಿಯಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಮಂಗಳ ಕಾರ್ಯಕ್ಕೆಲ್ಲ ಅಡಿಕೆ ಬೇಕು. ಹಾಗೆಂದು ಅಡಿಕೆ ಅಗಿಯುವುದರ ಅಪಾಯವನ್ನು ಮುಚ್ಚಿಡುವುದು ನ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, ತಂಬಾಕು ಸೇರದ ಬರಿ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು 2004ರಲ್ಲಿ ಪ್ರಕಟಿಸಿತು. ಗುಟ್ಕಾ, ಪಾನ್ ಮಸಾಲ ಸದಾ ಅಗಿಯುವವರ ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ, ಬಾಯಿ ಬರಬರುತ್ತ ತೆರೆಯದಾಗುತ್ತದೆ. ಖಾರ ತಾಗಿದರೆ ಉರಿ, ತಮ್ಮದೇ ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯೊಳಗೆ ಇಡಲಾಗದ ಬಿಗಿತ, ಇವು ಅದರ ಗುರುತು. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಕಂಡರೆ ನೋವಿಲ್ಲದಿದ್ದರೂ ತಡಮಾಡದೆ ತೋರಿಸಬೇಕು.

ಮಕ್ಕಳಿಗೆ ಸುಮಾರು ಆರು ತಿಂಗಳಿಗೆ ಹಾಲುಹಲ್ಲು ಮೂಡತೊಡಗುತ್ತವೆ, ಒಟ್ಟು 20. ಬಿದ್ದುಹೋಗುವ ಹಲ್ಲಿಗೆ ಯಾಕೆ ಖರ್ಚು ಎನ್ನುವವರಿದ್ದಾರೆ. ಹಾಲಿನ ದವಡೆಹಲ್ಲುಗಳು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. ಅಲ್ಲಿಯವರೆಗೆ ಮಗು ಅಗಿಯುವುದು ಅವುಗಳಿಂದಲೇ, ಮುಂದಿನ ಹಲ್ಲಿಗೆ ಜಾಗ ಕಾಯುವುದೂ ಅವೇ. ಮೊದಲೇ ಕಿತ್ತರೆ ಪಕ್ಕದವು ವಾಲಿ, ಶಾಶ್ವತ ಹಲ್ಲು ಸೊಟ್ಟಗೆ ಬರುತ್ತದೆ. ಬಾಟಲಿ ಹಾಲು ಬಾಯಲ್ಲಿಟ್ಟೇ ಮಲಗಿಸುವುದರಿಂದ ಮೇಲಿನ ಮುಂದಿನ ಹಲ್ಲುಗಳು ಎರಡು ಮೂರು ವರ್ಷಕ್ಕೇ ಕರಗಿ ಮೋಟಾಗುತ್ತವೆ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು. ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ ಮೂಡುವ ದವಡೆಹಲ್ಲು ಶಾಶ್ವತವಾದದ್ದು. ಇದೂ ಹಾಲುಹಲ್ಲೇ ಎಂದುಕೊಂಡು ಬಿಟ್ಟ ಮನೆಗಳಲ್ಲಿ ಮೊದಲು ಹಾಳಾಗುವುದು ಅದೇ.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಮೇತ ಕಿತ್ತುಬಂದರೆ ಎಸೆಯಬಾರದು. ಬೇರನ್ನು ಮುಟ್ಟದೆ ತಲೆಯ ಭಾಗ ಹಿಡಿದು, ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ನೀರಿನಲ್ಲಿ ಕ್ಷಣಕಾಲ ಅದ್ದಿ, ಸಾಧ್ಯವಾದರೆ ಅದೇ ಗೂಡಿಗೆ ಕೂಡಿಸಬೇಕು. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಓಡಬೇಕು. ಅರ್ಧ ಗಂಟೆಯೊಳಗೆ ದಂತವೈದ್ಯರ ಕೈಸೇರಿದರೆ ಹಲ್ಲು ಮತ್ತೆ ಹಿಡಿದುಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. ಹಾಲುಹಲ್ಲನ್ನು ಮಾತ್ರ ಹೀಗೆ ಕೂಡಿಸಬಾರದು, ಒಳಗಿನ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ.

ವಯಸ್ಸಾದವರಲ್ಲಿ ಒಸಡು ಇಳಿದು ಬೇರು ಕಾಣಿಸಿಕೊಂಡಾಗ ಹುಳುಕು ಅಲ್ಲಿಂದ ಶುರುವಾಗುತ್ತದೆ. ಬೇರಿಗೆ ಎನಾಮಲ್ಲಿನ ರಕ್ಷೆ ಇಲ್ಲ. ರಕ್ತದೊತ್ತಡ, ಖಿನ್ನತೆ, ಅಲರ್ಜಿಗೆ ತೆಗೆದುಕೊಳ್ಳುವ ಹಲವು ಮಾತ್ರೆಗಳಿಂದ ಬಾಯಿ ಒಣಗುವುದೂ ಸೇರಿ ಇದು ವೇಗವಾಗುತ್ತದೆ. ಪದೇ ಪದೇ ನೀರು ಗುಟುಕರಿಸುವುದು, ಸಿಹಿ ಪೆಪ್ಪರಮೆಂಟು ಬಿಡುವುದು ಉಪಯುಕ್ತ. ಎಲ್ಲ ಹಲ್ಲೂ ಹೋದವರಿಗೆ ಹಲ್ಲಿನ ಸೆಟ್ಟು ಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹಿರಿಯರಿಗೆ ಅದನ್ನು ಉಚಿತವಾಗಿ ಒದಗಿಸಲೆಂದು ಕರ್ನಾಟಕ ಸರ್ಕಾರ ದಂತಭಾಗ್ಯ ಯೋಜನೆ ತಂದಿತು. ದಂತವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ. ಸೆಟ್ಟನ್ನು ಊಟವಾದ ಮೇಲೆ ತೊಳೆದು, ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡಬೇಕು. ಕುದಿನೀರು ಹಾಕಿದರೆ ಸೊಟ್ಟಗಾಗುತ್ತದೆ. ವರ್ಷಗಳು ಕಳೆದಂತೆ ದವಡೆಯ ಮೂಳೆ ಕುಗ್ಗಿ ಸೆಟ್ಟು ಸಡಿಲವಾದರೆ ಒಳಪದರ ಹೊಸದಾಗಿ ಹಾಕಿಸಬಹುದು. ಸೆಟ್ಟು ಒತ್ತಿ ಆದ ಹುಣ್ಣು, ಸೆಟ್ಟು ಸರಿಪಡಿಸಿ ಎರಡು ವಾರವಾದರೂ ಮಾಯದಿದ್ದರೆ, ಅದನ್ನೂ ಪರೀಕ್ಷೆ ಮಾಡಿಸಬೇಕು.